ಎಣ್ಣೆಗೋಸ್ಕರ ಯುದ್ಧ ಅನ್ನೋದು ಎಷ್ಟು ನಿಜ?

ಸಂಜೆಮಾತು (ಚರ್ಚೆ ಶುರು ಮಾಡಿದವರು)

ಕೆಲಸದ ಜಾಗದಲ್ಲಿ ಮೊನ್ನೆ ಒಂದು ವಾದ ಎದ್ದಿತ್ತು. ವಿಷಯ 2003ರಲ್ಲಿ ಅಮೆರಿಕ ಇರಾಕ್ ಮೇಲೆ ಮಾಡಿದ ಯುದ್ಧ. ಒಬ್ಬರು "ಎಲ್ಲಾ ಎಣ್ಣೆಗೋಸ್ಕರ, ಅದರಲ್ಲಿ ಮಾತಾಡೋಕೆ ಏನಿದೆ" ಅಂತ ಮುಗಿಸಿಬಿಟ್ಟರು. ಇಷ್ಟು ವರ್ಷ ನಾನೂ ಹಾಗೇ ಹೇಳಿಕೊಂಡು ಬಂದವನು, ತಲೆ ಆಡಿಸಿದೆ. ಪಕ್ಕದಲ್ಲಿದ್ದ ಇನ್ನೊಬ್ಬರು ನಿಧಾನಕ್ಕೆ ಕೇಳಿದರು, "ಸರಿ, ಎಷ್ಟು ಎಣ್ಣೆ ತಗೊಂಡು ಹೋದರು? ದುಡ್ಡು ಕೊಡದೆ ಒಂದು ಹಡಗಾದರೂ ಹೋಯಿತಾ?" ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಅವತ್ತಿನಿಂದ ಇದೇ ತಲೆ ಕೊರೀತಿದೆ. ದೊಡ್ಡ ದೇಶ ಇನ್ನೊಂದು ದೇಶದೊಳಗೆ ಸೈನ್ಯ ನುಗ್ಗಿಸಿದಾಗ ಎಣ್ಣೆಯೇ ಕಾರಣ ಆಗಿತ್ತು ಅಂತ ಕಾಗದ ಪತ್ರ ಇಟ್ಟು ತೋರಿಸಬಹುದಾದ ಉದಾಹರಣೆ ಯಾವುದಿದೆ? ಇನ್ನೊಂದು, "ಎಣ್ಣೆಗೋಸ್ಕರ" ಅಂದರೆ ಏನರ್ಥ? ಕದಿಯೋದಾ, ಅಗ್ಗಕ್ಕೆ ಕೊಳ್ಳೋದಾ, ಬೇರೆಯವರಿಗೆ ಸಿಗದ ಹಾಗೆ ನೋಡಿಕೊಳ್ಳೋದಾ? ಸುಮ್ನೆ ಬೈಗುಳ ಬೇಡ, ತಿಳಿದವರು ಹೇಳಿ.

ಬೆಂಚುಕೊನೆ

ಶೀರ್ಷಿಕೆಯಲ್ಲಿ ಎಣ್ಣೆ ಅಂತ ನೋಡಿ ಶನಿವಾರ ರಾತ್ರಿಯ ಗಲಾಟೆ ಇರಬೇಕು ಅಂದುಕೊಂಡು ಓಡಿ ಬಂದೆ. ನೋಡಿದ್ರೆ ಕಚ್ಚಾ ಎಣ್ಣೆ. ಇರಲಿ, ಬಂದಾಗಿದೆ, ಕೂತು ಓದ್ತೀನಿ.

ಹಳೇಪೇಪರ್

ಕಾಗದ ಪತ್ರ ಇಟ್ಟು ತೋರಿಸೋದಾದರೆ ಇರಾನ್‌ನಿಂದ ಶುರು ಮಾಡಿ. ಇರಾಕ್‌ಗೆ ಆಮೇಲೆ ಬರೋಣ.

1908ರಲ್ಲಿ ಅಲ್ಲಿನ ಮಸ್ಜಿದ್ ಸುಲೇಮಾನ್‌ನಲ್ಲಿ ಎಣ್ಣೆ ಸಿಕ್ಕಿತು. ಬ್ರಿಟನ್ನಿನ ಯುದ್ಧನೌಕೆಗಳು ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಬದಲಾಗುತ್ತಿದ್ದ ಕಾಲ ಅದು. ಕಲ್ಲಿದ್ದಲು ಅವರ ನೆಲದಲ್ಲೇ ಬೇಕಾದಷ್ಟಿತ್ತು, ಎಣ್ಣೆ ಇರಲಿಲ್ಲ. 1914ರಲ್ಲಿ ನೌಕಾಪಡೆಯ ಉಸ್ತುವಾರಿ ಚರ್ಚಿಲ್ ಕೈಯಲ್ಲಿತ್ತು. ಆಂಗ್ಲೋ-ಪರ್ಷಿಯನ್ ಕಂಪನಿಯ 51% ಪಾಲನ್ನು ಸರ್ಕಾರವೇ ಕೊಳ್ಳುವ ಹಾಗೆ ಅವರು ಮಾಡಿದರು. ಇವತ್ತಿನ ಬಿಪಿ ಅದೇ ಕಂಪನಿ. ಕಂಪನಿ ಬೇರೆ, ಸರ್ಕಾರ ಬೇರೆ ಅನ್ನೋ ಮಾತೇ ಅಲ್ಲಿ ಇರಲಿಲ್ಲ.

1951ರಲ್ಲಿ ಇರಾನ್ ಸಂಸತ್ತು ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಣ ಮಾಡಿತು. ಮೊಸಾದೆಗ್ ಪ್ರಧಾನಿಯಾದರು. ಇರಾನಿನವರ ದೂರು ಸರಳವಾಗಿತ್ತು. ತಮಗೆ ಬರುವ ರಾಯಲ್ಟಿಗಿಂತ ಕಂಪನಿ ಬ್ರಿಟಿಷ್ ಸರ್ಕಾರಕ್ಕೆ ಕಟ್ಟುವ ತೆರಿಗೆಯೇ ಜಾಸ್ತಿ! ಪಕ್ಕದ ಸೌದಿಯಲ್ಲಿ ಅಮೆರಿಕದ ಕಂಪನಿಗಳು 1950ರಲ್ಲೇ ಲಾಭದಲ್ಲಿ ಅರ್ಧಕ್ಕರ್ಧ ಹಂಚಿಕೊಳ್ಳಲು ಒಪ್ಪಿದ್ದವು. ಅಬಾದಾನ್ ರಿಫೈನರಿ ಆಗ ಜಗತ್ತಿನಲ್ಲೇ ದೊಡ್ಡದು. ಅದನ್ನು ಸೈನ್ಯ ಇಳಿಸಿ ಹಿಡಿಯುವ ಯೋಜನೆಯೂ ಲಂಡನ್ನಿನಲ್ಲಿ ತಯಾರಾಗಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್ ಒಪ್ಪಲಿಲ್ಲ, ಬ್ರಿಟನ್ ಪ್ರಧಾನಿ ಅಟ್ಲಿ ಕೈಬಿಟ್ಟರು. ಆ ಅಕ್ಟೋಬರ್‌ನಲ್ಲಿ ಅಬಾದಾನ್‌ನಲ್ಲಿ ಉಳಿದಿದ್ದ ಬ್ರಿಟಿಷ್ ನೌಕರರು 'ಮಾರಿಷಸ್' ಅನ್ನೋ ಯುದ್ಧನೌಕೆ ಹತ್ತಿ ಹೊರಟುಹೋದರು. ಆಮೇಲೆ ಇರಾನಿನ ಎಣ್ಣೆಗೆ ಬಹಿಷ್ಕಾರ. 1952ರಲ್ಲಿ 'ರೋಸ್ ಮೇರಿ' ಅನ್ನೋ ಟ್ಯಾಂಕರ್ ಹೇಗೋ ಇರಾನಿನ ಎಣ್ಣೆ ತುಂಬಿಸಿಕೊಂಡು ಹೊರಟಿತ್ತು. ಬ್ರಿಟಿಷರ ಕೈಲಿದ್ದ ಏಡನ್ ಬಂದರಿನಲ್ಲಿ ಅದನ್ನೂ ತಡೆದು ನಿಲ್ಲಿಸಿದರು.

1953ರ ಆಗಸ್ಟ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮತ್ತು ಬ್ರಿಟನ್ನಿನ ಎಂಐ6 ಸೇರಿ ಮೊಸಾದೆಗ್ ಸರ್ಕಾರ ಉರುಳಿಸಿದವು. ಮೊದಲ ಪ್ರಯತ್ನ ಕೆಟ್ಟು ಇರಾನಿನ ದೊರೆ ಶಾ ಬಾಗ್ದಾದ್‌ಗೆ, ಅಲ್ಲಿಂದ ರೋಮ್‌ಗೆ ಓಡಿದ್ದರು. ಕೆಲವೇ ದಿನದಲ್ಲಿ ಎಲ್ಲಾ ಉಲ್ಟಾ ಆಯಿತು. ತನ್ನ ಪಾತ್ರ ಇತ್ತು ಅಂತ ಸಿಐಎ ದಾಖಲೆಯಲ್ಲಿ ಬಾಯಿಬಿಟ್ಟಿದ್ದು 2013ರಲ್ಲಿ. 60 ವರ್ಷ ಆದ ಮೇಲೆ.

ಇರಾನಿನ ಎಣ್ಣೆಗೆ ಆದ 1954ರ ಹೊಸ ಒಪ್ಪಂದ ನೋಡಿ. ಬಿಪಿಗೆ 40%, ಅಮೆರಿಕದ ಕಂಪನಿಗಳಿಗೆ 40%, ಶೆಲ್‌ಗೆ 14%, ಫ್ರೆಂಚ್ ಕಂಪನಿಗೆ 6%. ಇನ್ನೇನು ಸಾಕ್ಷಿ ಬೇಕು?

ಲೆಕ್ಕದಪುಸ್ತಕ

@ಹಳೇಪೇಪರ್ ಸರ್, ಚೆನ್ನಾಗಿ ಬರೆದಿದ್ದೀರಿ. ಕೊನೇ ಸಾಲಿಗೆ ಮಾತ್ರ ನನ್ನ ತಕರಾರು. ಆ 40% ಅಮೆರಿಕದ ಕಂಪನಿಗಳು ಬಾಯಿ ಬಿಟ್ಟುಕೊಂಡು ಕಾದಿದ್ದು ತಗೊಂಡಿದ್ದಲ್ಲ. ಅವರಿಗೆ ಸೌದಿ, ಕುವೈತ್ ಎಣ್ಣೆಯೇ ಮಾರಿ ಮುಗಿಯುತ್ತಿರಲಿಲ್ಲ. ಇರಾನ್‌ಗೆ ಹೋಗಿ ಅಂತ ಹಿಂದಿನಿಂದ ತಳ್ಳಿದ್ದು ಅವರದೇ ಸರ್ಕಾರ. ಅದಕ್ಕೋಸ್ಕರ ಅವರ ಮೇಲಿದ್ದ ಏಕಸ್ವಾಮ್ಯದ ಕೇಸನ್ನೂ ಸಡಿಲ ಮಾಡಿದರು. ಬ್ರಿಟನ್‌ಗೆ ಎಣ್ಣೆಯ ಚಿಂತೆ, ಟ್ರೂಮನ್ ನಂತರ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್‌ಗೆ ಇರಾನ್ ಕಮ್ಯುನಿಸ್ಟರ ಕೈಗೆ ಹೋದರೆ ಅನ್ನೋ ಚಿಂತೆ. ಕೆಲಸ ಒಂದೇ, ಕಾರಣ ಇಬ್ಬರಿಗೂ ಬೇರೆ.

ಇನ್ನು 2003. ಅದು ಎಣ್ಣೆ ಕದಿಯೋಕೆ ನಡೆದ ಯುದ್ಧ ಆಗಿದ್ದರೆ ಇತಿಹಾಸದ ಅತ್ಯಂತ ದಡ್ಡ ಕಳ್ಳತನ. ಅಮೆರಿಕಕ್ಕೆ ಖರ್ಚಾಗಿದ್ದು ಲಕ್ಷ ಕೋಟಿ ಡಾಲರ್‌ಗಿಂತ ಜಾಸ್ತಿ. ಆ ದುಡ್ಡಲ್ಲಿ ಎಷ್ಟು ಬ್ಯಾರಲ್ ಕೊಳ್ಳಬಹುದಿತ್ತು ಅಂತ ನೀವೇ ಭಾಗಿಸಿ ನೋಡಿ. ಇರಾಕ್ ಅಧ್ಯಕ್ಷ ಸದ್ದಾಂ ಎಣ್ಣೆ ಮಾರೋದಿಲ್ಲ ಅಂದಿರಲೂ ಇಲ್ಲ. ಮಾರೋಕೆ ತುದಿಗಾಲಲ್ಲಿ ನಿಂತಿದ್ದ. ನಿರ್ಬಂಧ ಹಾಕಿ, ಬೇಕಾದ ಹಾಗೆ ಮಾರಬೇಡ ಅಂತ ತಡೆದವರು ಇವರೇ.

2009ರ ಜೂನ್ 30ರಂದು ಬಾಗ್ದಾದ್‌ನಲ್ಲಿ ಹರಾಜು ನಡೆಯಿತು, ಟಿವಿಯಲ್ಲಿ ನೇರ ಪ್ರಸಾರ. ರುಮೈಲಾ ಅಂದರೆ ಇರಾಕ್‌ನ ಅತಿ ದೊಡ್ಡ ಎಣ್ಣೆ ಕ್ಷೇತ್ರ. ಎಕ್ಸಾನ್‌ಮೊಬಿಲ್ ಗುಂಪು ಹೆಚ್ಚುವರಿಯಾಗಿ ತೆಗೆಯುವ ಬ್ಯಾರಲ್‌ಗೆ 4.80 ಡಾಲರ್ ಕೂಲಿ ಕೇಳಿತು. ಬಿಪಿ ಮತ್ತು ಚೀನಾದ ಸಿಎನ್‌ಪಿಸಿ ಜೋಡಿ 3.99 ಕೇಳಿತು. ಇರಾಕ್ ಸಚಿವಾಲಯ ಹೇಳಿದ್ದು 2 ಡಾಲರ್, ಬೇಕಾದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ. ಎಕ್ಸಾನ್ ಆಗಲ್ಲ ಅಂದಿತು. ಬಿಪಿ-ಚೀನಾ ಜೋಡಿ ಒಪ್ಪಿತು. ಎಣ್ಣೆಯ ಒಡೆತನ ಇರಾಕ್‌ನದ್ದು, ಇವರಿಗೆ ಬರೀ ಕೂಲಿ. ಯುದ್ಧ ಮಾಡಿದ್ದು ಅಮೆರಿಕ, ಕ್ಷೇತ್ರ ಹೋಗಿದ್ದು ಚೀನಾಕ್ಕೆ, ರಷ್ಯಾಕ್ಕೆ. ಅಮೆರಿಕಕ್ಕೆ ಒಂದೂ ಸಿಗಲಿಲ್ಲ.

ಬೆಂಚುಕೊನೆ

2 ಡಾಲರ್ ಕೂಲಿಗೆ ಒಂದು ಯುದ್ಧ. ಪಾಪ.

ಕೆಂಪುಗೆರೆ

"ಒಂದೂ ಸಿಗಲಿಲ್ಲ" ಅನ್ನೋದು ತಪ್ಪು. ವೆಸ್ಟ್ ಕುರ್ನಾ-1 ಅನ್ನೋ ಕ್ಷೇತ್ರ ಅಮೆರಿಕದ ಎಕ್ಸಾನ್‌ಮೊಬಿಲ್‌ಗೇ ಸಿಕ್ಕಿದ್ದು, ಶೆಲ್ ಜೊತೆ ಸೇರಿ. ವೆಸ್ಟ್ ಕುರ್ನಾ-2 ರಷ್ಯಾದ ಲುಕಾಯಿಲ್‌ಗೆ ಹೋಯಿತು, ಬ್ಯಾರಲ್‌ಗೆ 1.15 ಡಾಲರ್‌ಗೆ. ಎಕ್ಸಾನ್ ಎಷ್ಟೋ ವರ್ಷ ಇದ್ದು, ಆಮೇಲೆ ಬಿಟ್ಟು ಹೋಯಿತು. ಅವರು ಬಿಟ್ಟ ಮೇಲೆ ಉಸ್ತುವಾರಿ ಚೀನಾದ ಪೆಟ್ರೋಚೈನಾ ಕೈಗೆ ಬಂತು. ನಿಮ್ಮ ವಾದ ಇದರಿಂದ ಬೀಳಲ್ಲ, ಆದರೆ ಸುಳ್ಳು ಲೆಕ್ಕ ಯಾಕೆ, ಹೆಸರೇ ಲೆಕ್ಕದಪುಸ್ತಕ ಅಂತ ಇಟ್ಟುಕೊಂಡು?

ಲೆಕ್ಕದಪುಸ್ತಕ

ತಪ್ಪಾಯಿತು ಮಾರಾಯ್ರೆ, ಒಪ್ಪಿದೆ. ಒಂದು ಸಿಕ್ಕಿತು.

ತಾಮ್ರದತಟ್ಟೆ

ಲಾಭ ಆಗಲಿಲ್ಲ, ಅದಕ್ಕೇ ಉದ್ದೇಶವೂ ಇರಲಿಲ್ಲ ಅನ್ನೋದು ಯಾವ ನ್ಯಾಯ? ಬೀಗ ಒಡೆಯೋಕೆ ಬಂದವನು ನಾಯಿ ಕಚ್ಚಿಸಿಕೊಂಡು ಬರಿಗೈಲಿ ಹೋದರೆ ಅವನು ಯಾತ್ರೆಗೆ ಬಂದಿದ್ದ ಅಂತೀರಾ?

ಯುದ್ಧ ಶುರುವಾಗಿ ಒಂದು ವಾರಕ್ಕೆ, 2003ರ ಮಾರ್ಚ್ ಕೊನೆಯಲ್ಲಿ, ಅಮೆರಿಕದ ಉಪ ರಕ್ಷಣಾ ಸಚಿವ ವುಲ್ಫೊವಿಟ್ಸ್ ಅಲ್ಲಿನ ಸಂಸತ್ತಿನ ಮುಂದೆ ಏನು ಹೇಳಿದರು? ಇರಾಕ್ ತನ್ನನ್ನು ತಾನು ಕಟ್ಟಿಕೊಳ್ಳುವ ಖರ್ಚನ್ನು ಎಣ್ಣೆಯ ದುಡ್ಡಿನಿಂದ ತಾನೇ ಭರಿಸಬಲ್ಲದು, ಅದೂ ಬೇಗ, ಅಂತ. ಅಂದರೆ ನಿಮ್ಮ ಆ ಲಕ್ಷ ಕೋಟಿ ಡಾಲರ್ ಲೆಕ್ಕ ಅವರ ತಲೆಯಲ್ಲೇ ಇರಲಿಲ್ಲ. ಅಗ್ಗದಲ್ಲಿ ಮುಗಿಯುತ್ತೆ ಅಂದುಕೊಂಡು ಇಳಿದವರ ಉದ್ದೇಶವನ್ನು ಕೊನೆಗೆ ಬಂದ ಬಿಲ್ ನೋಡಿ ಅಳೆಯೋದು ಸರಿಯಲ್ಲ.

ಏಪ್ರಿಲ್‌ನಲ್ಲಿ ಬಾಗ್ದಾದ್ ಬಿದ್ದಾಗ ರಾಷ್ಟ್ರೀಯ ಮ್ಯೂಸಿಯಂ ಲೂಟಿಯಾಯಿತು. ಸಾವಿರಾರು ವರ್ಷ ಹಳೆಯ ಸಾಮಾನನ್ನು ಜನ ಎತ್ತಿಕೊಂಡು ಹೋದರು. ಅದೇ ಊರಿನಲ್ಲಿ ಎಣ್ಣೆ ಸಚಿವಾಲಯದ ಸುತ್ತ ಅಮೆರಿಕದ ಟ್ಯಾಂಕುಗಳು ಕಾವಲು ನಿಂತಿದ್ದವು. ಎರಡೂ ಕಟ್ಟಡ ಕಾಯೋಕೆ ಜನ ಇಲ್ಲದಾಗ ಯಾವುದನ್ನು ಕಾದರು ಅಂತ ನೋಡಿ, ಸಾಕು. ಆಮೇಲೆ 2007ರಲ್ಲಿ ಹೊಸ ಎಣ್ಣೆ ಕಾನೂನು ಮಾಡಿ ಅಂತ ಇರಾಕ್ ಮೇಲೆ ಒತ್ತಡ. ಅಲ್ಲಿನ ಸಂಸತ್ತು ಪಾಸ್ ಮಾಡಲಿಲ್ಲ. ಎಣ್ಣೆ ಕೆಲಸಗಾರರ ಸಂಘಗಳೂ ವಿರೋಧಿಸಿದವು. ಕೂಲಿ ಬರೀ 2 ಡಾಲರ್‌ಗೆ ಇಳಿದಿದ್ದು ಇರಾಕಿನವರು ಗಟ್ಟಿಯಾಗಿ ನಿಂತಿದ್ದಕ್ಕೆ. ದಾಳಿ ಮಾಡಿದವರ ದೊಡ್ಡ ಮನಸ್ಸಿನಿಂದ ಅಲ್ಲ.

ಸಂಜೆಮಾತು

ಮ್ಯೂಸಿಯಂ ವಿಷಯ ಗೊತ್ತಿತ್ತು. ಸಚಿವಾಲಯಕ್ಕೆ ಕಾವಲು ಇದ್ದಿದ್ದು ಗೊತ್ತಿರಲಿಲ್ಲ. ಹರಾಜಿನ ಕಥೆಯಂತೂ ಈಗಲೇ ಕೇಳ್ತಿರೋದು.

ನೋಟುಎಣಿಕೆ

ನೀವೆಲ್ಲಾ ಮುಖ್ಯ ವಿಷಯ ಬಿಟ್ಟಿದ್ದೀರಿ. ಡಾಲರ್!! 2000ದ ಕೊನೆಯಲ್ಲಿ ಸದ್ದಾಂ ಎಣ್ಣೆಯನ್ನು ಯೂರೋದಲ್ಲಿ ಮಾರೋಕೆ ಶುರು ಮಾಡಿದ. ಮೂರು ವರ್ಷದೊಳಗೆ ಆಟ ಮುಗೀತು. ಲಿಬಿಯಾದ ಗಡಾಫಿ ಬೇರೆ ಕರೆನ್ಸಿ ತರ್ತೀನಿ ಅಂದ, ಅವನದ್ದೂ ಮುಗೀತು. ಇನ್ನೇನು ಹೇಳಬೇಕು.

ಲೆಕ್ಕದಪುಸ್ತಕ

ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಗಂಟು ಹಾಕೋದು ಅಂದರೆ ಇದೇ. ಸದ್ದಾಂ ಯೂರೋಗೆ ಹೋಗಿದ್ದು ನಿಜ. ಆದರೆ ಆಗ ನಿರ್ಬಂಧದ ಕಾರಣ ಇರಾಕ್‌ನ ಎಣ್ಣೆ ದುಡ್ಡು ವಿಶ್ವಸಂಸ್ಥೆಯ ಖಾತೆಯಲ್ಲಿ ಬೀಳ್ತಿತ್ತು. ಜಗತ್ತಿನ ಡಾಲರ್ ವಹಿವಾಟಿನಲ್ಲಿ ಅದು ಸಮುದ್ರಕ್ಕೆ ಒಂದು ಚೊಂಬು ನೀರು. ಅದಕ್ಕೋಸ್ಕರ ಯುದ್ಧಕ್ಕೆ ಹೊರಟರು ಅನ್ನೋಕೆ ಒಂದು ಕಾಗದ ತೋರಿಸಿ.

ನೋಟುಎಣಿಕೆ

ಅಂಥದ್ದನ್ನೆಲ್ಲಾ ಕಾಗದದ ಮೇಲೆ ಬರೀತಾರಾ ಗುರು?

ಕೆಂಪುಗೆರೆ

ಇರಾನ್ ವಿಷಯ ಬರೆದಿಟ್ಟಿದ್ದರಲ್ಲ. ಅದಕ್ಕೇ ಗೊತ್ತಾಯಿತು.

ಮರಳುಗಾಳಿ

ರುಮೈಲಾ ಹೆಸರು ನೋಡಿ ಬರೀಲೇಬೇಕು ಅನ್ನಿಸಿತು. 2011ರಿಂದ 3 ವರ್ಷ ನಾನು ಅಲ್ಲಿದ್ದೆ. ಗುತ್ತಿಗೆ ಕಂಪನಿ ಕಡೆಯಿಂದ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಪ್ರೆಶರ್ ಗೇಜು, ವಾಲ್ವು, ಟ್ರಾನ್ಸ್‌ಮಿಟರ್, ಇದೇ ನನ್ನ ಲೋಕ. ನಾಲ್ಕು ವಾರ ಕೆಲಸ, ನಾಲ್ಕು ವಾರ ರಜೆ.

ಕ್ಯಾಂಪ್‌ನಿಂದ ಎಲ್ಲಿಗೆ ಹೋಗಬೇಕಾದರೂ ಗುಂಡು ತಡೆಯುವ ಗಾಡಿ, ಎದೆಗೆ ಕವಚ. ಬೆನ್ನು ಬೆವರಿ ಶರ್ಟು ಅಂಟಿಕೊಳ್ಳೋದು. ದಾರಿ ಪಕ್ಕ ಕೆಂಪು ಬಣ್ಣ ಬಳಿದ ಕಲ್ಲುಗಳು. ಅದರಾಚೆ ಕಾಲಿಡಬೇಡಿ, ಹಳೇ ಯುದ್ಧದ ಮೈನು ಇವೆ ಅಂತ ಮೊದಲನೇ ದಿನವೇ ಹೇಳ್ತಾರೆ. ನಾನು ಬಿಚ್ಚಿ ನೋಡಿದ ಗೇಜುಗಳಲ್ಲಿ ಎಷ್ಟೋ ಕಡೆ ರಷ್ಯನ್ ಅಕ್ಷರ. 70ರ ದಶಕದಲ್ಲಿ ಉತ್ತರ ರುಮೈಲಾ ಶುರು ಮಾಡೋಕೆ ಸೋವಿಯತ್‌ನವರು ಸಹಾಯ ಮಾಡಿದ್ದರು. ಆವಾಗಿನ ಮಾಲು ಇನ್ನೂ ಉಸಿರಾಡ್ತಿತ್ತು. ಒಂದು ಪಂಪ್‌ನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಅದರಿಂದ ಬಿಚ್ಚಿ ಮತ್ತೊಂದಕ್ಕೆ ಹಾಕಿ, ನಿರ್ಬಂಧದ 12 ವರ್ಷ ಹಾಗೇ ತಳ್ಳಿದ್ದರಂತೆ ಅಲ್ಲಿನ ಇರಾಕಿ ಇಂಜಿನಿಯರ್‌ಗಳು. ನಿಜವಾದ ಜುಗಾಡು ಅಂದರೆ ಅದು. ನನಗೆ ಅವರ ಮೇಲೆ ಇವತ್ತಿಗೂ ಗೌರವ.

ಕ್ಯಾಂಟೀನ್‌ನಲ್ಲಿ ಅರ್ಧ ಜನ ಚೀನಾದವರು. ಭದ್ರತೆಗೆ ಮಾಜಿ ಬ್ರಿಟಿಷ್ ಸೈನಿಕರು. ಅಮೆರಿಕದವರು ಇದ್ದರು, ಡ್ರಿಲ್ಲಿಂಗ್ ಸರ್ವಿಸ್ ಕಂಪನಿಗಳಲ್ಲಿ. ಅದನ್ನು ಯಾರೂ ಇಲ್ಲಿ ಹೇಳಲಿಲ್ಲ. ಕ್ಷೇತ್ರ ಯಾರ ಹೆಸರಲ್ಲಿದ್ದರೂ ಬಾವಿ ಕೊರೆಯುವ ಯಂತ್ರ, ಸಿಮೆಂಟು, ಕೆಮಿಕಲ್ಲು, ಕಾವಲು, ಊಟ, ಎಲ್ಲಾ ಕಾಂಟ್ರಾಕ್ಟು. ಬ್ಯಾರಲ್ ಕೂಲಿಯ ಲೆಕ್ಕದಲ್ಲಿ ಇದು ಎಲ್ಲೂ ಕಾಣಲ್ಲ.

ತಾಮ್ರದತಟ್ಟೆ

ಇದೇ, ಇದೇ. ಯುದ್ಧದ ಕಾಲದಲ್ಲೇ ಅಮೆರಿಕದ ಕೆಬಿಆರ್ ಕಂಪನಿಗೆ ಎಣ್ಣೆ ಬಾವಿ ರಿಪೇರಿ ಗುತ್ತಿಗೆ ಟೆಂಡರ್ ಇಲ್ಲದೆ ಸಿಕ್ಕಿತ್ತು. ಆಗ ಅದು ಹ್ಯಾಲಿಬರ್ಟನ್‌ನ ಅಂಗ. ಹ್ಯಾಲಿಬರ್ಟನ್‌ನ ಹಳೇ ಮುಖ್ಯಸ್ಥ ಯಾರು? ಆಗಿನ ಉಪಾಧ್ಯಕ್ಷ ಚೇನಿ.

ಕಡಲತಡಿ

1991ರ ಕೊಲ್ಲಿ ಯುದ್ಧದ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? ನಮ್ಮ ಸೋದರಮಾವ ಕುವೈತ್‌ನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದರು. 1990ರ ಆಗಸ್ಟ್ 2ರ ಬೆಳಿಗ್ಗೆ ನುಗ್ಗಿ ಬಂದ ಇರಾಕ್ ಸೈನ್ಯದ ಟ್ಯಾಂಕ್ ಸದ್ದಿಗೇ ಎದ್ದಿದ್ದಂತೆ. ಇರಾಕ್ ದಾಟಿ, ಜೋರ್ಡಾನ್ ಗಡಿಯ ಟೆಂಟುಗಳಲ್ಲಿ ದಿನ ಕಳೆದು, ಅಮ್ಮಾನ್‌ನಿಂದ ವಿಮಾನ ಹತ್ತಿ ಬಂದರು. ಹಾಗೆ ಬಂದ ಭಾರತೀಯರು ಒಟ್ಟು ಲಕ್ಷಕ್ಕೂ ಜಾಸ್ತಿ. ಮಾವ ಮುಂದಿನ ವರ್ಷ ವಾಪಸ್ ಹೋದಾಗ ಬಾವಿಗಳು ಇನ್ನೂ ಉರೀತಿದ್ದವು. ಇರಾಕ್ ಸೈನ್ಯ ಹಿಂದೆ ಸರಿಯುವಾಗ 600ಕ್ಕೂ ಜಾಸ್ತಿ ಬಾವಿಗಳಿಗೆ ಬೆಂಕಿ ಇಟ್ಟಿತ್ತು. ಗಾಳಿ ಈ ಕಡೆ ತಿರುಗಿದ ದಿನ ಮಧ್ಯಾಹ್ನ 12 ಗಂಟೆಗೆ ಹೆಡ್‌ಲೈಟ್ ಹಾಕಿಕೊಂಡು ಕಾರು ಓಡಿಸ್ತಿದ್ದರಂತೆ. ಒಣಗೋಕೆ ಹಾಕಿದ ಬಿಳಿ ಅಂಗಿ ಮೇಲೆ ಎಣ್ಣೆಯ ಚುಕ್ಕೆ. ಎಷ್ಟು ಒಗೆದರೂ ಹೋಗದ ಒಂದು ಅಂಗಿಯನ್ನು ಅವರು ಸೂಟ್‌ಕೇಸ್ ಒರೆಸೋಕೆ ಇಟ್ಟುಕೊಂಡಿದ್ದರು. ನಾನು ನೋಡಿದ್ದೇನೆ. ಕೊನೇ ಬಾವಿ ಮುಚ್ಚಿದ್ದು ನವೆಂಬರ್‌ನಲ್ಲಿ.

ಇಲ್ಲಿ ಎಣ್ಣೆಗೋಸ್ಕರ ನುಗ್ಗಿದವನು ಯಾರು? ಸದ್ದಾಂ ಅಲ್ವಾ? ಇರಾನ್ ಜೊತೆ 8 ವರ್ಷ ಕಾದಾಡಿ ಸಾಲ ಮಾಡಿಕೊಂಡಿದ್ದ. ಕುವೈತ್‌ಗೂ ಕೊಡಬೇಕಿತ್ತು. ಕುವೈತ್ ಜಾಸ್ತಿ ಎಣ್ಣೆ ತೆಗೆದು ದರ ಬೀಳಿಸ್ತಿದೆ, ಗಡಿಯಲ್ಲಿ ಓರೆಯಾಗಿ ಕೊರೆದು ನಮ್ಮ ರುಮೈಲಾ ಎಣ್ಣೆ ಕದೀತಿದೆ ಅಂತ ಅವನ ಆರೋಪ. ಪಾಶ್ಚಾತ್ಯರು ಮಾತ್ರ ಎಣ್ಣೆಗೆ ಯುದ್ಧ ಮಾಡ್ತಾರೆ ಅನ್ನೋ ಹಾಗೆ ಬರೀತಿದ್ದೀರಿ ಎಲ್ಲರೂ.

ಹಳೇಪೇಪರ್

ಒಪ್ಪಿದೆ ಮೇಡಂ. ಆದರೆ ಅದಾದ ಮೇಲೆ 5 ಲಕ್ಷ ಅಮೆರಿಕನ್ ಸೈನಿಕರು ಮರಳುಗಾಡಿಗೆ ಬಂದಿದ್ದು ಬರೀ ಕುವೈತ್‌ನ ಸ್ವಾತಂತ್ರ್ಯದ ಮೇಲಿನ ಪ್ರೀತಿಗಾ? 1980ರ ಜನವರಿಯಲ್ಲೇ ಅಮೆರಿಕದ ಅಧ್ಯಕ್ಷ ಕಾರ್ಟರ್ ಬಾಯಿಬಿಟ್ಟು ಹೇಳಿದ್ದರು. ಪರ್ಷಿಯನ್ ಕೊಲ್ಲಿಯನ್ನು ಹೊರಗಿನ ಯಾವುದೇ ಶಕ್ತಿ ಹಿಡಿಯೋಕೆ ಬಂದರೆ ಅದು ಅಮೆರಿಕದ ಹಿತದ ಮೇಲೆ ದಾಳಿ, ಸೈನ್ಯ ಬಳಸಿಯಾದರೂ ತಡೀತೀವಿ ಅಂತ. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಭಾಷಣದಲ್ಲೇ ಎಣ್ಣೆಯ ಮಾತಿತ್ತು.

1987ರಲ್ಲಿ, ಇರಾನ್-ಇರಾಕ್ ಯುದ್ಧದ ಹೊತ್ತಿಗೆ, ಕುವೈತ್‌ನ 11 ಟ್ಯಾಂಕರ್‌ಗಳಿಗೆ ಅಮೆರಿಕದ ಬಾವುಟ ಹಾರಿಸಿ ನೌಕಾಪಡೆ ಜೊತೆಗೆ ಕಳಿಸಿದ್ದೂ ಇದೇ ಲೆಕ್ಕದಲ್ಲಿ. ಮರುವರ್ಷ ಜುಲೈ 3ಕ್ಕೆ ಅಲ್ಲೇ ವಿನ್ಸೆನ್ಸ್ ಅನ್ನೋ ಅಮೆರಿಕದ ಯುದ್ಧನೌಕೆ ಇರಾನ್ ಏರ್‌ನ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿತು. 290 ಜನ. ಹಡಗು ಕಾಯೋಕೆ ಹೋದವರ ಕೈಯಲ್ಲಿ.

ಗಡಿಯಾರಮುಳ್ಳು

ಹಾಗಾದರೆ ಕೊರಿಯಾ? ವಿಯೆಟ್ನಾಂ? ಅಫ್ಘಾನಿಸ್ತಾನದಲ್ಲಿ 20 ವರ್ಷ ಕೂತಿದ್ದರಲ್ಲ, ಅಲ್ಲಿ ಯಾವ ಎಣ್ಣೆ?

ನೋಟುಎಣಿಕೆ

ಅಫ್ಘಾನಿಸ್ತಾನದಲ್ಲಿ ಪೈಪ್‌ಲೈನ್!! ತುರ್ಕಮೆನಿಸ್ತಾನದಿಂದ ಗ್ಯಾಸ್ ತರೋಕೆ.

ಗಡಿಯಾರಮುಳ್ಳು

ಅಮೆರಿಕದ ಎಣ್ಣೆ ಕಂಪನಿ ಯುನೊಕಾಲ್ ಆ ಪೈಪ್‌ಲೈನ್ ಯೋಚನೆಯನ್ನು 1998ರಲ್ಲೇ ಬಿಟ್ಟಿತ್ತು. ಅಮೆರಿಕ 20 ವರ್ಷ ಅಲ್ಲಿದ್ದಾಗಲೂ ಗ್ಯಾಸ್ ಹರಿಯಲಿಲ್ಲ. ಸೆಪ್ಟೆಂಬರ್ 11 ಆಗಿದ್ದು ಮರೆತುಬಿಟ್ಟರಾ? ಎಲ್ಲಾ ಬೀಗಕ್ಕೂ ಒಂದೇ ಕೀಲಿ ಹಾಕಿ ತಿರುಗಿಸ್ತೀರಿ.

ತಾಮ್ರದತಟ್ಟೆ

ಅಫ್ಘಾನಿಸ್ತಾನ ಬಿಡಿ. ಸೆಪ್ಟೆಂಬರ್ 11ಕ್ಕೂ ಇರಾಕ್‌ಗೂ ಏನು ಸಂಬಂಧ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಆ ಎಮ್ಮೆ ಎಣ್ಣೆಯ ಮೇಲೆ ಮಲಗಿತ್ತು ಅನ್ನೋದು ಕಾಕತಾಳೀಯ ಇರಬೇಕು. ಅತ್ತ 1994ರಲ್ಲಿ ರುವಾಂಡಾದಲ್ಲಿ ನೂರು ದಿನ ಜನರನ್ನು ಕೊಚ್ಚಿ ಹಾಕುವಾಗ ಯಾರೂ ಬರಲಿಲ್ಲ. ಎಣ್ಣೆ ಇದ್ದಿದ್ದರೆ ಬರ್ತಿದ್ದರು.

ಕೆಂಪುಗೆರೆ

ಸುಡಾನ್‌ನಲ್ಲಿ ಎಣ್ಣೆ ಇತ್ತು. ಅಲ್ಲಿನ ಡಾರ್ಫರ್‌ನಲ್ಲಿ ಜನರನ್ನು ಕೊಲ್ಲುವಾಗ ಸೈನ್ಯ ನುಗ್ಗಿಸಿದರಾ? ನುಗ್ಗಲಿಲ್ಲ. ನಿಮ್ಮ ಸೂತ್ರ ಎರಡೂ ಕಡೆ ಕೈಕೊಡುತ್ತೆ.

ಇನ್ನೂ ಮಜಾ ಬೇಕಾದರೆ ಅಂಗೋಲಾ ನೋಡಿ. 1980ರ ದಶಕ. ಅಲ್ಲಿನ ಕಬಿಂಡಾ ಪ್ರಾಂತ್ಯದಲ್ಲಿ ಎಣ್ಣೆ ತೆಗೀತಿದ್ದಿದ್ದು ಗಲ್ಫ್ ಆಯಿಲ್, ಆಮೇಲೆ ಶೆವ್ರಾನ್. ಅಪ್ಪಟ ಅಮೆರಿಕದ ಕಂಪನಿ. ರಾಯಲ್ಟಿ ಹೋಗ್ತಿದ್ದಿದ್ದು ಅಂಗೋಲಾದ ಮಾರ್ಕ್ಸ್‌ವಾದಿ ಸರ್ಕಾರಕ್ಕೆ. ಆ ಎಣ್ಣೆ ಕ್ಷೇತ್ರಕ್ಕೆ ಕಾವಲು ನಿಂತಿದ್ದವರು ಕ್ಯೂಬಾದ ಸೈನಿಕರು. ಯಾರಿಂದ ಕಾಯೋಕೆ? ಅಮೆರಿಕದ ರೇಗನ್ ಸರ್ಕಾರ ಬೆಂಬಲ ಕೊಡ್ತಿದ್ದ ಬಂಡುಕೋರರಿಂದ ಮತ್ತು ಅವರ ಗೆಳೆಯ ದಕ್ಷಿಣ ಆಫ್ರಿಕಾದಿಂದ! 1985ರಲ್ಲಿ ದಕ್ಷಿಣ ಆಫ್ರಿಕಾದ ಕಮಾಂಡೋಗಳು ಅಲ್ಲಿ ಸ್ಫೋಟ ಮಾಡೋಕೆ ಬಂದು ಸಿಕ್ಕಿಬಿದ್ದರು. ಕ್ಯೂಬಾದ ಕ್ಯಾಸ್ಟ್ರೋನ ಹುಡುಗರು ಅಮೆರಿಕದ ಕಂಪನಿಯನ್ನು ಅಮೆರಿಕದ ಗೆಳೆಯರಿಂದ ಕಾಪಾಡಿದರು. ಇದನ್ನು "ಎಲ್ಲಾ ಎಣ್ಣೆಗೋಸ್ಕರ" ಅನ್ನೋ ಡಬ್ಬಿಗೆ ಹೇಗೆ ತುರುಕ್ತೀರೋ ತುರುಕಿ.

ಬೆಂಚುಕೊನೆ

ಇದನ್ನು ಎರಡು ಸಲ ಓದಿದೆ. ಇನ್ನೂ ತಲೆ ತಿರುಗ್ತಿದೆ.

ನೋಟುಎಣಿಕೆ

ಕೆಲವರು ಸಂಬಳ ತಗೊಂಡು ಬರೀತಿದ್ದಾರೆ ಅನ್ಸುತ್ತೆ. ಯಾವ ದೇಶದ ದುಡ್ಡು ಅಂತ ಹೇಳಲ್ಲ.

ಕೆಂಪುಗೆರೆ

ಸಂಬಳ ಬರೋ ಹಾಗಿದ್ದರೆ ವಿಳಾಸ ಕೊಡಿ ಗುರು, ಇವತ್ತೇ ಅರ್ಜಿ ಹಾಕ್ತೀನಿ.

ನಿರ್ವಾಹಕ

@ನೋಟುಎಣಿಕೆ ವಾದಕ್ಕೆ ವಾದ ಮಾಡಿ. ವ್ಯಕ್ತಿ ಮೇಲೆ ಹೋದರೆ ಮುಂದಿನ ಸಲ ಬರಹ ತೆಗೆದು ಹಾಕ್ತೀನಿ. ಮೇಲೆ ಇನ್ನಿಬ್ಬರದ್ದು ಆಗಲೇ ತೆಗೆದಿದ್ದೇನೆ.

ಹಡಗುಕಟ್ಟೆ

ಎಣ್ಣೆಗೋಸ್ಕರವೇ ಯುದ್ಧ ಅನ್ನೋದಕ್ಕೆ ಶುದ್ಧ ಉದಾಹರಣೆ ಬೇಕಾದರೆ ಜಪಾನ್ ತಗೊಳ್ಳಿ. 1941ರಲ್ಲಿ ಅವರು ಬಳಸುತ್ತಿದ್ದ ಎಣ್ಣೆಯಲ್ಲಿ ಸುಮಾರು 80% ಅಮೆರಿಕದಿಂದ ಬರ್ತಿತ್ತು. ಜಪಾನ್ ದಕ್ಷಿಣ ಇಂಡೋಚೈನಾಕ್ಕೆ ಕಾಲಿಟ್ಟಿದ್ದೇ ಅಮೆರಿಕ ಎಣ್ಣೆಯ ನಲ್ಲಿ ಬಂದ್ ಮಾಡಿಬಿಟ್ಟಿತು. ಅವರ ಮುಂದೆ ಉಳಿದಿದ್ದು ಎರಡೇ ದಾರಿ. ಚೀನಾದಿಂದ ಹಿಂದೆ ಸರಿಯೋದು, ಇಲ್ಲಾ ಡಚ್ಚರ ಕೈಲಿದ್ದ ಇಂಡೋನೇಷ್ಯಾದ ಎಣ್ಣೆ ಹಿಡಿಯೋದು. ಎರಡನೇದು ಆರಿಸಿಕೊಂಡರು. ಮಧ್ಯೆ ಅಡ್ಡ ಬರಬಹುದಾದ ಅಮೆರಿಕದ ನೌಕಾಪಡೆಗೆ ಪರ್ಲ್ ಹಾರ್ಬರ್‌ನಲ್ಲಿ ಮೊದಲ ಏಟು. 1942ರ ಫೆಬ್ರವರಿಯಲ್ಲಿ ಪಾಲೆಂಬಾಂಗ್ ರಿಫೈನರಿ ಮೇಲೆ ಪ್ಯಾರಾಚೂಟ್‌ನಲ್ಲಿ ಇಳಿದರು. ತಾರಕಾನ್‌ನಲ್ಲಿ ಡಚ್ಚರು ಹೋಗೋ ಮುಂಚೆ ಬಾವಿಗಳನ್ನು ಕೆಡಿಸಿಟ್ಟಿದ್ದರು.

ಎಣ್ಣೆ ಸಿಕ್ಕಿತು. ಆದರೆ ಊರಿಗೆ ತರೋಕೆ ಆಗಲಿಲ್ಲ. ಟ್ಯಾಂಕರ್‌ಗಳನ್ನು ಅಮೆರಿಕದ ಸಬ್‌ಮರೀನ್‌ಗಳು ಒಂದೊಂದಾಗಿ ಮುಳುಗಿಸಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೇ ವರ್ಷ ಹಿಟ್ಲರ್ ಬಾಕು ಎಣ್ಣೆಗೆ ಕೈಚಾಚಿ ಹೊರಟು ಕಾಕಸಸ್‌ನಲ್ಲಿ ಸಿಕ್ಕಿಕೊಂಡ. ಮೈಕೋಪ್ ಸಿಕ್ಕಿತು, ಬಾವಿಗಳನ್ನು ರಷ್ಯನ್ನರು ಕೆಡಿಸಿ ಹೋಗಿದ್ದರು.

ಹಳೇಪೇಪರ್

ಹಿಡಿಯೋದು ಸುಲಭ, ತೆಗೆಯೋದು ಕಷ್ಟ ಅನ್ನೋದು ಅಮೆರಿಕಕ್ಕೆ ಚೆನ್ನಾಗಿ ಗೊತ್ತಿತ್ತು. 1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದ ಹೊತ್ತಿಗೆ ದರ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಸೌದಿ, ಕುವೈತ್, ಅಬುಧಾಬಿ ಕ್ಷೇತ್ರಗಳನ್ನು ಸೈನ್ಯ ಇಳಿಸಿ ಹಿಡಿಯೋಣ ಅಂತ ಅಮೆರಿಕ ಯೋಚಿಸ್ತಿರಬಹುದು ಅಂತ ಬ್ರಿಟಿಷ್ ಗುಪ್ತಚರರು ತಮ್ಮ ಪ್ರಧಾನಿಗೆ ವರದಿ ಕೊಟ್ಟಿದ್ದರು. 30 ವರ್ಷದ ನಂತರ ಆ ಕಡತ ಹೊರಗೆ ಬಂತು. 1975ರಲ್ಲಿ ಅಮೆರಿಕದ ಸಂಸತ್ತಿಗೋಸ್ಕರ ಇದರ ಬಗ್ಗೆಯೇ ಒಂದು ಅಧ್ಯಯನ ಆಯಿತು. ಅದು ಹಾಕಿದ ಷರತ್ತು ಕೇಳಿ. ಬಾವಿ, ಪೈಪು, ಬಂದರು ಕೆಡದ ಹಾಗೆ ಹಿಡೀಬೇಕು. ವರ್ಷಗಟ್ಟಲೆ ಬೇಕಾದರೂ ಕಾಯಬೇಕು. ಕೆಟ್ಟಿದ್ದನ್ನು ಬೇಗ ರಿಪೇರಿ ಮಾಡಬೇಕು. ಒಡೆಯರ ಸಹಾಯ ಇಲ್ಲದೆ ನಡೆಸಬೇಕು. ಹಡಗುಗಳು ಸುರಕ್ಷಿತವಾಗಿ ಹೋಗೋ ಹಾಗೆ ನೋಡಿಕೊಳ್ಳಬೇಕು. ಇಷ್ಟೂ ಆಗಬೇಕು. ಗೆಲ್ಲೋ ಸಾಧ್ಯತೆ ಕಮ್ಮಿ ಅಂತಲೇ ಅದು ಹೇಳಿದ್ದು.

ಲೆಕ್ಕದಪುಸ್ತಕ

ನಾನು ಮೊದಲಿಂದ ಹೇಳ್ತಿರೋದು ಇದನ್ನೇ ಅಲ್ವಾ! ಕದಿಯೋಕೆ ಆಗೋ ವಸ್ತು ಅಲ್ಲ ಅದು.

ತಾಮ್ರದತಟ್ಟೆ

ಕದೀತಾರೆ ಅಂತ ನಾನೆಲ್ಲಿ ಹೇಳಿದೆ? ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನೋದು ಜಗಳ. ಎಣ್ಣೆ ಯಾರು ಬೇಕಾದರೂ ಕೊಳ್ಳಲಿ, ಆದರೆ ಅದು ಹರಿಯೋ ದಾರಿಯಲ್ಲಿ ನಮ್ಮ ನೌಕಾಪಡೆ, ಮಾರೋ ದೊರೆ ನಮ್ಮ ಗೆಳೆಯ. 1945ರ ಫೆಬ್ರವರಿಯಲ್ಲಿ ರೂಸ್ವೆಲ್ಟ್ ಸೂಯೆಜ್ ಕಾಲುವೆಯ ಸರೋವರದಲ್ಲಿ ಹಡಗಿನ ಮೇಲೆ ಸೌದಿ ದೊರೆಯನ್ನು ಭೇಟಿ ಮಾಡಿದ್ದರಲ್ಲ, ಅಲ್ಲಿಂದ ಇದೇ ನಡೀತಾ ಬಂದಿದೆ. ಗೆಳೆಯನಾಗಿದ್ದರೆ ರಕ್ಷಣೆ, ತಿರುಗಿಬಿದ್ದರೆ ನಿರ್ಬಂಧ. 

ಗಡಿಯಾರಮುಳ್ಳು

ಈಗ ಅಮೆರಿಕ ಸ್ವತಃ ಜಗತ್ತಿನಲ್ಲೇ ಜಾಸ್ತಿ ಕಚ್ಚಾ ಎಣ್ಣೆ ತೆಗೆಯೋ ದೇಶ, 2018ರಿಂದ. ಶೇಲ್ ಅನ್ನೋ ಬಂಡೆಪದರದಿಂದ ತೆಗೆಯೋ ಎಣ್ಣೆ ಬಂದ ಮೇಲೂ ಕೊಲ್ಲಿಯಲ್ಲಿ ನೌಕಾಪಡೆ ಯಾಕೆ ಬೇಕು ಹೇಳಿ?

ಹಡಗುಕಟ್ಟೆ

ಯಾಕಂದರೆ ದರ ಒಂದೇ. ಕೊಲ್ಲಿಯ ಬಾಯಲ್ಲಿರೋ ಹೊರ್ಮುಜ್ ಜಲಸಂಧಿಯಲ್ಲಿ ಒಂದು ಹಡಗಿಗೆ ಹೊಡೆದರೆ ಟೆಕ್ಸಾಸ್‌ನ ಬಂಕ್‌ನಲ್ಲೂ ದರ ಏರುತ್ತೆ. ನಮ್ಮ ಮನೆ ಬಾವಿ ನೀರು ನಮ್ಮದೇ, ಆದರೆ ಅದರ ರೇಟು ಊರಾಚೆ ನಿರ್ಧಾರ ಆಗುತ್ತೆ ಅನ್ನೋ ಕಥೆ.

ಕಡಲತಡಿ

ಲಿಬಿಯಾ ಬಗ್ಗೆ ಯಾರಾದರೂ ಹೇಳಿ. 2011.

ಕೆಂಪುಗೆರೆ

ಲಿಬಿಯಾ ನನಗೂ ಇನ್ನೂ ಪೂರ್ತಿ ಅರ್ಥ ಆಗದ ಕೇಸು. ಯುದ್ಧಕ್ಕೆ ಮುಂಚೆಯೇ ದಿನಕ್ಕೆ ಸುಮಾರು 16 ಲಕ್ಷ ಬ್ಯಾರಲ್ ತೆಗೀತಿದ್ದರು. ಇಟಲಿಯ ಎನಿ, ಫ್ರಾನ್ಸಿನ ಟೋಟಲ್ ಎಲ್ಲಾ ಅಲ್ಲೇ ಇದ್ದರು. ಗಡಾಫಿ ಜೊತೆ ಎಲ್ಲರೂ ಕೈ ಕುಲುಕಿ ಫೋಟೋ ತೆಗೆಸಿಕೊಂಡಾಗಿತ್ತು. ಎಣ್ಣೆಗೆ ಅವನನ್ನು ಬೀಳಿಸೋ ಅಗತ್ಯ ಇರಲಿಲ್ಲ. ಬೀಳಿಸಿದ ಮೇಲೆ ಉತ್ಪಾದನೆ ಬಿತ್ತು, ಬಂದರುಗಳು ಸೇನಾ ಗುಂಪುಗಳ ಕೈಗೆ ಹೋದವು. ವಿಶ್ವಸಂಸ್ಥೆಯ 1973ನೇ ನಂಬರ್ ನಿರ್ಣಯಕ್ಕೆ ಭಾರತ ಮತ ಹಾಕಲಿಲ್ಲ, ತಟಸ್ಥ. ಚೀನಾ, ರಷ್ಯಾ, ಬ್ರೆಜಿಲ್, ಜರ್ಮನಿ ಕೂಡ. ನಾಗರಿಕರನ್ನು ಕಾಪಾಡಿ ಅನ್ನೋ ನಿರ್ಣಯ ಸರ್ಕಾರ ಬದಲಿಸೋವರೆಗೆ ಹೇಗೆ ಹಿಗ್ಗಿತು ಅನ್ನೋದು ಬೇರೆ ಜಗಳ. ಆದರೆ ಎಣ್ಣೆ ಇರೋ ದೇಶದಲ್ಲಿ ನಡೆದಿದ್ದೆಲ್ಲಾ ಎಣ್ಣೆಗೇ ನಡೆದಿದ್ದು ಅನ್ನೋಕೆ ನಾನು ತಯಾರಿಲ್ಲ.

ನೋಟುಎಣಿಕೆ

2019ರಲ್ಲಿ ಟ್ರಂಪ್ ಸಿರಿಯಾದಲ್ಲಿ ಎಣ್ಣೆ ಇಟ್ಟುಕೊಳ್ತೀವಿ ಅಂತ ಕ್ಯಾಮೆರಾ ಮುಂದೆಯೇ ಹೇಳಿದ್ದರಲ್ಲ. ಕಾಗದ ಕೇಳ್ತಿದ್ರಿ. ವಿಡಿಯೋ ಆಗುತ್ತಾ?

ಲೆಕ್ಕದಪುಸ್ತಕ

ಇದು ಒಳ್ಳೇ ಏಟು. ಒಪ್ಪಲೇಬೇಕು. ಸಿರಿಯಾದಲ್ಲಿ ಇದ್ದಿದ್ದೇ ಚೂರು ಎಣ್ಣೆ ಅನ್ನೋದು ಬೇರೆ ಮಾತು.

ಸಂಜೆಮಾತು

ಎಲ್ಲರಿಗೂ ಥ್ಯಾಂಕ್ಸ್. ನಾಳೆ ಹೋಗಿ ಆ ಇಬ್ಬರಿಗೂ 2009ರ ಹರಾಜಿನ ಕಥೆ ಹೇಳ್ತೀನಿ. ಒಬ್ಬರಿಗೆ 2 ಡಾಲರ್, ಇನ್ನೊಬ್ಬರಿಗೆ ಸಚಿವಾಲಯದ ಟ್ಯಾಂಕು. ಇಬ್ಬರೂ ನನ್ನ ಮೇಲೇ ಬೀಳ್ತಾರೆ, ಗೊತ್ತು. ಅಂದಹಾಗೆ ಒಂದು ಬ್ಯಾರಲ್ ಅಂದರೆ ಎಷ್ಟು ಲೀಟರ್? ಭಾಗಿಸಿ ನೋಡಿ ಅಂದರು, ನೋಡೋಕೆ ಕೂತು ಇಲ್ಲೇ ನಿಂತೆ.

ಮರಳುಗಾಳಿ

159 ಲೀಟರ್. 42 ಅಮೆರಿಕನ್ ಗ್ಯಾಲನ್. ಆ ಅಳತೆಯ ಪೀಪಾಯಿಯಲ್ಲಿ ಈಗ ಯಾರೂ ಎಣ್ಣೆ ತುಂಬಲ್ಲ. ನೀವು ಚಿತ್ರದಲ್ಲಿ ನೋಡೋ ನೀಲಿ ಡ್ರಮ್ಮು ಅದಕ್ಕಿಂತ ದೊಡ್ಡದು, 200 ಲೀಟರ್ ಹತ್ತಿರ. ಲೆಕ್ಕಕ್ಕೆ ಮಾತ್ರ ಬ್ಯಾರಲ್ ಉಳಿದಿದೆ.

ಕಡಲತಡಿ

@ಮರಳುಗಾಳಿ ರಾತ್ರಿ ಅಲ್ಲಿ ಆಕಾಶ ಕೆಂಪಗಿರುತ್ತೆ ಅಂತ ಮಾವ ಹೇಳ್ತಿದ್ದರು. ಬಸ್ರಾ ಕಡೆ ಈಗಲೂ ಹಾಗೇನಾ?

ಮರಳುಗಾಳಿ

ನಾನಿದ್ದಾಗ ಹಾಗೇ ಇತ್ತು. ಎಣ್ಣೆ ಜೊತೆ ಬರೋ ಗ್ಯಾಸನ್ನು ಹಿಡಿದಿಡೋಕೆ ಬೇಕಾದಷ್ಟು ಪೈಪು, ಕಂಪ್ರೆಸರ್ ಇಲ್ಲದೆ ಉರಿಸಿಬಿಡ್ತಾರೆ. ಫ್ಲೇರ್ ಅಂತೀವಿ. ಆಮೇಲೆ ಸ್ವಲ್ಪ ಸ್ವಲ್ಪ ಹಿಡಿಯೋಕೆ ಶುರು ಮಾಡಿದರು. ರಾತ್ರಿ ಪಾಳಿಯಲ್ಲಿ ಟಾರ್ಚ್ ಇಲ್ಲದೆಯೇ ಗೇಜ್ ಓದಬಹುದಿತ್ತು, ಅಷ್ಟು ಬೆಳಕು. ನನ್ನ ಜೊತೆಗಿದ್ದ ಇರಾಕಿ ಫೋರ್‌ಮನ್ ಮನೆ ಅಲ್ಲಿಂದ ಅರ್ಧ ಗಂಟೆ ದಾರಿ. ಅವರ ಮನೆಯಲ್ಲಿ ಬೇಸಿಗೆಯಲ್ಲಿ ಕರೆಂಟು ದಿನಕ್ಕೆ ಕೆಲವೇ ಗಂಟೆ ಇರ್ತಿತ್ತು. ಉಳಿದ ಹೊತ್ತಿಗೆ ಬೀದಿಯವರೆಲ್ಲಾ ಸೇರಿ ಒಂದು ಡೀಸೆಲ್ ಜನರೇಟರ್. ಪಾಳಿ ಮುಗಿಸಿ ಹೋಗುವಾಗ ಅವರು ಫೋನ್ ಚಾರ್ಜ್ ಮಾಡಿಕೊಂಡೇ ಹೋಗ್ತಿದ್ದರು.

ಬೆಂಚುಕೊನೆ

ಡೀಸೆಲ್ ಎಲ್ಲಿಂದ ತರ್ತಿದ್ದರು?

ಮರಳುಗಾಳಿ

ನಾನೂ ಅದನ್ನೇ ಕೇಳಿದ್ದೆ. ಬಂಕ್‌ನಲ್ಲಿ ಕ್ಯೂ ನಿಂತು ಅಂದರು.